ದೇವರ ಮೀನು, ಸರ್ಕಾರದ ಮೀನು, ಯಾರದೂ ಅಲ್ಲದ ಮೀನು

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಸತ್ತ ಮೀನುಗಳಿಗಾಗಿ ಕಟ್ಟಿದ ಸ್ಮಾರಕವೊಂದಿದೆ. 1996ರಲ್ಲಿ ಶಿಶಿಲೇಶ್ವರ ದೇವಸ್ಥಾನದ ಪಕ್ಕದಲ್ಲಿ ಹರಿಯುವ ಕಪಿಲಾ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿದರು. ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ತಲೆಮಾರುಗಳಿಂದ ಭಕ್ತರು ಎಸೆದ ಅಕ್ಕಿ ತಿಂದು ಬೆಳೆದ ಸಂತಾನ ಅದು. ಮನುಷ್ಯರ ನೆರಳು ಬಿದ್ದರೆ ಬೇರೆ ಹೊಳೆಯ ಮೀನು ಬಂಡೆಯ ಅಡಿಗೆ ನುಗ್ಗುತ್ತದೆ, ಇಲ್ಲಿಯದು ದಡಕ್ಕೆ ಬರುತ್ತದೆ. ಹಾಗೆ ಒಂದೇ ಗಯದಲ್ಲಿ, ಅಂದರೆ ಹೊಳೆಯ ಆಳದ ಗುಂಡಿಯಲ್ಲಿ, ಗುಂಪುಗೂಡಿ ಬದುಕುವ ಅಭ್ಯಾಸವೇ ಅವಕ್ಕೆ ಮುಳುವಾಯಿತು. ಹರಡಿಕೊಂಡಿದ್ದರೆ ಅಷ್ಟು ಮೀನನ್ನು ಒಂದೇ ಏಟಿಗೆ ಕೊಲ್ಲುವುದು ಸುಲಭವಿರಲಿಲ್ಲ.

ಇದು ಮೀನು ತಿನ್ನದವರ ಊರಲ್ಲ. ಬೂತಾಯಿ, ಬಂಗುಡೆಯ ಗಾಡಿ ಬಾರದ ದಿನ ಅರ್ಧ ಊರಿಗೆ ಊಟ ಸಪ್ಪೆ. ಅಂಥ ಕಡೆ ಹೊಳೆಯ ಒಂದಷ್ಟು ಉದ್ದದ ಮೀನನ್ನು ಮಾತ್ರ ಮುಟ್ಟಬಾರದು ಎಂದು ಎಲ್ಲರೂ ಒಪ್ಪಿಕೊಂಡು ನಡೆದುಬಂದಿದ್ದರು. ಮುರಿದದ್ದು ಆ ಒಪ್ಪಂದ. ಸ್ಮಾರಕ ಕಟ್ಟುವಷ್ಟು ನೋವಾದದ್ದು ಅದಕ್ಕೇ.

ನೇತ್ರಾವತಿ, ಫಲ್ಗುಣಿಗಳ ಈ ಸೀಮೆಯಲ್ಲಿ ಮೀನಿನ ಇತಿಹಾಸವನ್ನು ನೋಡಿದರೆ ಮೀನಿಗೆ ಮೂರು ಬಗೆಯ ಯಜಮಾನಿಕೆ ಕಾಣುತ್ತದೆ. ದೇವಸ್ಥಾನದ ಎದುರಿನದು ದೇವರ ಮೀನು. ಕಾಯ್ದೆಯ ಪುಸ್ತಕದಲ್ಲಿರುವುದು ಸರ್ಕಾರದ ಮೀನು. ಉಳಿದ ಉದ್ದಕ್ಕೂ ಇರುವುದು ಯಾರದೂ ಅಲ್ಲದ ಮೀನು. ಅಚ್ಚರಿಯೆಂದರೆ, ಇಡೀ ಭಾರತದ ಮೀನನ್ನು ಸರ್ಕಾರದ ಮೀನು ಮಾಡಿದ ಚರ್ಚೆಯ ಒಂದು ಬೇರು ಇದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದೆ.

1862ರಲ್ಲಿ ಕೆನರಾದ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟರು. ಇಂದಿನ ದಕ್ಷಿಣ ಕನ್ನಡವಿದ್ದ ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ಆ ದಶಕದ ಕೊನೆಯ ಹೊತ್ತಿಗೆ ಮಂಗಳೂರಿನಲ್ಲಿ ಹೆನ್ರಿ ಸಲಿವನ್ ಥಾಮಸ್ ಎಂಬ ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ ಇದ್ದ. ಕಚೇರಿಯಲ್ಲಿ ಕಂದಾಯದ ಕಡತ, ಬಿಡುವಾದರೆ ಕೈಯಲ್ಲಿ ಗಾಳದ ಕೋಲು. ಅವನ ಕಣ್ಣಿದ್ದದ್ದು ಮಹಶೀರ್ ಮೇಲೆ. ತುಳುವರು ಪೆರುವೊಲು ಎನ್ನುವ, ಅಂಗೈಯಗಲದ ಹುರುಪೆಯ, ಬಂಗಾರದ ಮಿನುಗಿನ ಮೀನು ಅದು. ಇಂಗ್ಲೆಂಡಿನವರು ತಮ್ಮ ಸಾಲ್ಮನ್ ಮೀನನ್ನು ಕೊಂಡಾಡುತ್ತಿದ್ದ ಕಾಲದಲ್ಲಿ, ಗಾಳಕ್ಕೆ ಸಿಕ್ಕಿದಾಗ ಮಹಶೀರ್ ಅದಕ್ಕಿಂತ ಗಟ್ಟಿಯಾಗಿ ಹೋರಾಡುತ್ತದೆ ಎಂದು ವಾದಿಸಿದವನು ಈತ. ಅವನ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಹೊರಬಂದದ್ದು ಲಂಡನ್ನಿನಿಂದಲ್ಲ, ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಭಾರತದಲ್ಲಿ ಗಾಳ ಹಾಕುವ ಬಿಳಿಯರಿಗೆಲ್ಲ ಅದು ಕೈಪಿಡಿಯಾಯಿತು.

ಆದರೆ ನಮಗೆ ಮುಖ್ಯವಾದದ್ದು ಅದಕ್ಕಿಂತ ಮೊದಲಿನ ಬರಹ. 1870ರಲ್ಲಿ ಥಾಮಸ್ ದಕ್ಷಿಣ ಕೆನರಾದ ಮೀನುಸಾಕಣೆಯ ಬಗ್ಗೆ ವರದಿಯೊಂದನ್ನು ಹೊರತಂದ. ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೆಲ್ಲ ಬಳಿದುಕೊಳ್ಳುತ್ತಾರೆ, ನೀರಿಗೆ ವಿಷ ಹಾಕಿ ದೊಡ್ಡದು ಚಿಕ್ಕದೆನ್ನದೆ ಕೊಲ್ಲುತ್ತಾರೆ, ಹೀಗೇ ಬಿಟ್ಟರೆ ಹೊಳೆ ಬರಿದಾಗುತ್ತದೆ ಎಂಬುದು ಅವನ ದೂರಿನ ತಿರುಳು. ಅದೇ ಹೊತ್ತಿಗೆ ಫ್ರಾನ್ಸಿಸ್ ಡೇ ಎಂಬ ಸೇನಾ ವೈದ್ಯ ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಆಗಿ ಭಾರತ, ಬರ್ಮಾಗಳ ಸಿಹಿನೀರಿನ ಮೀನಿನ ಲೆಕ್ಕ ತೆಗೆಯುತ್ತಿದ್ದ. ಅವನ ವರದಿ 1873ರಲ್ಲಿ ಬಂತು. ಬಲೆಯ ಕಣ್ಣು ಎಷ್ಟಿರಬೇಕು, ವಿಷವನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ ದೇಶದ ಕಚೇರಿಗಳಲ್ಲೆಲ್ಲ ಓಡಾಡತೊಡಗಿತು.

ಥಾಮಸ್ ದೂರಿದ್ದು ಯಾವುದನ್ನು ಎಂದು ಸ್ವಲ್ಪ ನಿಂತು ನೋಡಬೇಕು. ಪಶ್ಚಿಮ ಘಟ್ಟದಿಂದ ಇಳಿಯುವ ಹೊಳೆಗಳು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹುಚ್ಚು ಹರಿಯುತ್ತವೆ, ಏಪ್ರಿಲ್ ಹೊತ್ತಿಗೆ ತುಂಡುತುಂಡಾಗುತ್ತವೆ. ಬಂಡೆಗಳ ನಡುವೆ ಉಳಿಯುವುದು ಗಯಗಳು ಮಾತ್ರ. ಮೀನೆಲ್ಲ ಅಲ್ಲೇ ಸೇರಿಕೊಂಡಿರುತ್ತದೆ. ಆಗ ಕಾಡಿನಿಂದ ಕಾರೆಕಾಯಿ ತರುತ್ತಾರೆ. ಕಲ್ಲಿನ ಮೇಲೆ ಜಜ್ಜಿ, ಬುಟ್ಟಿಯಲ್ಲಿ ತುಂಬಿ, ಗಯದ ಮೇಲ್ತುದಿಯಲ್ಲಿ ನೀರಿಗದ್ದಿ ಕಲಕುತ್ತಾರೆ. ಸೀಗೆ ನೊರೆಯಂಥ ನೊರೆ ಏಳುತ್ತದೆ. ಆ ನೊರೆಯ ಸಾರ ಕಿವಿರಿಗೆ ತಗುಲಿದ ಮೀನಿಗೆ ಉಸಿರು ಸಿಗುವುದಿಲ್ಲ. ಮೊದಲು ಸಣ್ಣವು ಮೇಲೆ ಬಂದು ಬಾಯಿ ಬಿಡುತ್ತವೆ, ಆಮೇಲೆ ಬಂಡೆಯ ಸಂದಿನಿಂದ ಮುಗುಡು ತೂಕಡಿಸುತ್ತ ಹೊರಬೀಳುತ್ತದೆ. ಮಕ್ಕಳು, ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ, ಸಂಜೆಗೆ ಮನೆಮನೆಯಲ್ಲೂ ಪದಾರ್ಥ. ಕಾಗೆಮಾರಿ ಬೀಜ ಇದಕ್ಕಿಂತ ಖಡಕ್ಕು. ಅದು ನರಕ್ಕೆ ಏರುವ ವಿಷ, ಮೀನು ಗಿರಗಿರನೆ ಸುತ್ತಿ ಬೀಳುತ್ತದೆ.

ಮರಿಗಳೂ ಸಾಯುತ್ತವೆ ಎಂದು ಥಾಮಸ್ ಹೇಳಿದ್ದು ನಿಜ. ಆದರೆ ಅವನ ವಾದದಲ್ಲಿ ಒಂದು ಓರೆ ಇದೆ. ಗದ್ದೆಯಿಲ್ಲದ, ಬೇಸಗೆಯಲ್ಲಿ ಕೂಲಿಯೂ ಇಲ್ಲದ ಮನೆಗೆ ಆ ಗಯದ ಮೀನು ಹೊಟ್ಟೆಯ ಮಾತು. ಸಾಹೇಬನ ಗಾಳಕ್ಕೆ ಸಿಕ್ಕ ಮಹಶೀರ್ ಮೋಜಿನ ಮಾತು. ಯಾವುದು ಬೇಟೆ, ಯಾವುದು ಲೂಟಿ ಎಂದು ತೀರ್ಮಾನಿಸುವ ಲೇಖನಿ ಗಾಳ ಹಿಡಿದವನ ಕೈಯಲ್ಲೇ ಇತ್ತು. ವಿಷ ಹಾಕುವ ಪದ್ಧತಿಗೂ ಅದರದೇ ಮಿತಿಗಳಿದ್ದವು ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿದಂತಿಲ್ಲ. ನೀರು ಇಳಿದ ಕೆಲವೇ ವಾರಗಳಲ್ಲಿ ಮಾತ್ರ ಅದು ನಡೆಯುತ್ತದೆ. ಒಬ್ಬನಿಂದ ಆಗುವ ಕೆಲಸವಲ್ಲ, ಊರೇ ಸೇರಬೇಕು. ಕಾಯಿಯ ಸಾರ ಹರಿವ ನೀರಿನಲ್ಲಿ ತೆಳುವಾಗಿ ಹೋಗುತ್ತದೆ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಹೊಳೆ ಮತ್ತೆ ಒಂದಾಗುತ್ತದೆ, ಮೇಲಿನ, ಕೆಳಗಿನ ಗಯಗಳ ಮೀನು ಬಂದು ಖಾಲಿ ಜಾಗ ತುಂಬುತ್ತದೆ.

ಇಷ್ಟರ ನಡುವೆ ಹೊಳೆಗೆ ಬೇರೊಂದು ವಸ್ತು ಬಂತು. ಆಲ್ಫ್ರೆಡ್ ನೊಬೆಲ್ ಡೈನಮೈಟಿಗೆ ಪೇಟೆಂಟ್ ಪಡೆದದ್ದು 1867ರಲ್ಲಿ. ಮೂವತ್ತೇ ವರ್ಷಕ್ಕೆ, 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯಲ್ಲಿ ಅದರ ಹೆಸರೇ ಬರೆಯಬೇಕಾಯಿತು. ಆ ಕಾಯ್ದೆಯ ನಾಲ್ಕನೆಯ ಕಲಂ ಡೈನಮೈಟ್ ಮತ್ತಿತರ ಸ್ಫೋಟಕ ಬಳಸಿ ಮೀನು ಹಿಡಿಯುವುದನ್ನು ಅಪರಾಧ ಎಂದಿತು. ಐದನೆಯ ಕಲಂ ನೀರಿಗೆ ವಿಷ, ಸುಣ್ಣ ಹಾಕುವುದನ್ನು. ಶಿಕ್ಷೆ ಎರಡು ತಿಂಗಳವರೆಗೆ ಸೆರೆ, ಇಲ್ಲವೇ 200 ರೂಪಾಯಿವರೆಗೆ ದಂಡ. ಅಂದಿನ ಕೂಲಿಯವನಿಗೆ 200 ರೂಪಾಯಿ ಎಂದರೆ ಮನೆಮಾರು ಮಾರಿದರೂ ಹುಟ್ಟದ ಹಣ. ಇಂದು ಆ ದುಡ್ಡಿಗೆ ಬಂಟ್ವಾಳ ಪೇಟೆಯಲ್ಲಿ ಒಂದು ಕಿಲೋ ಅಂಜಲ್ ಮೀನು ಕೂಡ ಬಾರದು.

ಕಾಯ್ದೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಿತು. ಕಾರೆಕಾಯಿ ಕಾಡಿನದು, ಊರಿನದು. ಡೈನಮೈಟಿನ ತೋಟೆ ಬಂದದ್ದು ಬಂಡೆ ಒಡೆಯುವ ಕೆಲಸದ ಜತೆಗೆ. ಘಾಟಿ ರಸ್ತೆ, ಸೇತುವೆ, ಬಾವಿ, ಕಲ್ಲುಕೋರೆ ಎಲ್ಲೆಲ್ಲಿ ಆದವೋ ಅಲ್ಲಲ್ಲಿ ಮದ್ದಿನ ಪರಿಚಯವಿರುವ ಕೈಗಳೂ ಹುಟ್ಟಿಕೊಂಡವು. ಅಂದರೆ ಹಳ್ಳಿಯ ಅಜ್ಞಾನವೇ ಮೀನನ್ನು ಕೊಲ್ಲುತ್ತಿದೆ ಎಂದು ದೂರಿದ ಆಡಳಿತ, ಹಳ್ಳಿಗೆ ಗೊತ್ತೇ ಇರದ ಆಯುಧವೊಂದನ್ನು ತಾನೇ ತಂದು ಅದರ ಬಾಗಿಲಲ್ಲಿ ಇಟ್ಟಿತ್ತು.

ತೋಟೆ ಹಾಕುವವನಿಗೆ ಊರು ಬೇಡ, ಬೇಸಗೆಯೂ ಬೇಡ. ಇಬ್ಬರು ಸಾಕು, ಒಂದು ಬೆಂಕಿಪೊಟ್ಟಣ ಸಾಕು. ಬತ್ತಿಗೆ ಬೆಂಕಿ ಕೊಟ್ಟು ಎಸೆಯುವ ಲೆಕ್ಕ ಒಂದು ಕ್ಷಣ ತಪ್ಪಿದರೆ ಹೋಗುವುದು ಬೆರಳಲ್ಲ, ಮುಂಗೈ. ಹೊಳೆಬದಿಯ ಊರುಗಳಲ್ಲಿ ಹಾಗೆ ಕೈ ಕಳೆದುಕೊಂಡವರ ಕತೆಗೆ ಬರವಿಲ್ಲ. ನೀರಿನೊಳಗೆ ಆಗುವುದು ಇನ್ನೂ ಕೆಟ್ಟದ್ದು. ಸ್ಫೋಟದ ಅಲೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಡೆಯುತ್ತದೆ. ಗಾಳಿಚೀಲ ಒಡೆದ ಮೀನು ತೇಲುವುದಿಲ್ಲ, ಮುಳುಗುತ್ತದೆ. ಹಾಕಿದವನು ಹೆಕ್ಕಿಕೊಳ್ಳುವುದು ಮೇಲೆ ಬಂದ ಕೆಲವನ್ನು. ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಗಾಳಕ್ಕೆ ಬಿದ್ದ ಮೀನನ್ನು ಎಣಿಸಬಹುದು, ತೋಟೆಗೆ ಸತ್ತದ್ದನ್ನು ಎಣಿಸಲಾಗದು.

ಇದೇ ಗಾಳಿಚೀಲಕ್ಕಾಗಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಒಂದು ಕಡಲನ್ನೇ ಬಗೆಯುತ್ತಿದ್ದಾರೆ. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಟೊಟೋಬಾ ಎಂಬ ಮೀನಿದೆ. ಎರಡು ಮೀಟರ್ ಉದ್ದ, ನೂರು ಕಿಲೋ ತೂಕದವರೆಗೆ ಬೆಳೆಯುತ್ತದೆ. ಚೀನಾದಲ್ಲಿ ಅದರ ಒಣಗಿಸಿದ ಗಾಳಿಚೀಲಕ್ಕೆ ಕಣ್ಣು ತಿರುಗುವ ಬೆಲೆ. ಅಲ್ಲಿಯವರ ಸ್ವಂತ ಬಹಾಬಾ ಮೀನು ಹಿಡಿದು ಹಿಡಿದು ಮುಗಿದ ಮೇಲೆ ಕಣ್ಣು ಮೆಕ್ಸಿಕೋದ ಕಡೆ ಹೊರಳಿತು. ಮೆಕ್ಸಿಕೋ 1975ರಲ್ಲೇ ಟೊಟೋಬಾ ಹಿಡಿಯುವುದನ್ನು ನಿಷೇಧಿಸಿದೆ. ಆದರೂ ಕತ್ತಲಲ್ಲಿ ಬಲೆ ಇಳಿಯುತ್ತದೆ. ಆ ಬಲೆಗೆ ವಕೀಟಾ ಎಂಬ ಪುಟ್ಟ ಕಡಲಪ್ರಾಣಿಯೂ ಸಿಕ್ಕಿ ಉಸಿರುಗಟ್ಟಿ ಸಾಯುತ್ತದೆ. ವಿಜ್ಞಾನ ಅದಕ್ಕೆ ಹೆಸರು ಕೊಟ್ಟದ್ದೇ 1958ರಲ್ಲಿ, ಈಗ ಉಳಿದಿರುವುದು ಹತ್ತರ ಆಸುಪಾಸು. ಅಲ್ಲಿ ನೌಕಾಪಡೆ ಕಾವಲಿದೆ, ಅಂತಾರಾಷ್ಟ್ರೀಯ ಒಪ್ಪಂದಗಳಿವೆ, ಹೋರಾಟಗಾರರ ಹಡಗುಗಳಿವೆ. ಇಷ್ಟಿದ್ದೂ ಸರ್ಕಾರದ ಮೀನನ್ನು ಉಳಿಸಿಕೊಳ್ಳುವುದು ಕಷ್ಟವಾಗಿದೆ. ಬೆಲೆ ಇದ್ದಲ್ಲಿ ಕಳ್ಳ ಇದ್ದೇ ಇರುತ್ತಾನೆ ಎನ್ನಬಹುದು. ಶಿಶಿಲದ ದೇವರ ಮೀನಾದ ಪೆರುವೊಲಿಗೆ ಅಂಥ ಬೆಲೆಯೇನೂ ಇಲ್ಲ, ಆದರೂ ವಿಷ ಬಿತ್ತು. ಹಾಗಾಗಿ ನಮ್ಮ ಕತೆಯನ್ನು ಬರೀ ದುಡ್ಡಿನಿಂದ ಅಳೆಯಲಾಗದು.

ಮರಳಿ ಕಪಿಲೆಗೆ. ಎತ್ತಿನ ಭುಜ ಎಂಬ ಬೆಟ್ಟದ ಬುಡದಲ್ಲಿರುವ ಶಿಶಿಲದ ಈ ಹೊಳೆ ಮುಂದೆ ನೇತ್ರಾವತಿಗೆ ಸೇರುತ್ತದೆ. ಚರ್ಮದ ತೊಂದರೆ ಇದ್ದವರು ಹರಕೆ ಹೊತ್ತು ಇಲ್ಲಿನ ಮೀನಿಗೆ ಅಕ್ಕಿ ಹಾಕುತ್ತಾರೆ. ಇಂಥ ಮತ್ಸ್ಯತೀರ್ಥಗಳು ನಾಡಿನಲ್ಲಿ ಇನ್ನೂ ಇವೆ: ತುಂಗೆಯ ಶೃಂಗೇರಿ, ಅದೇ ತುಂಗೆಯ ಕೆಳಗೆ ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಕಾವೇರಿಯ ರಾಮನಾಥಪುರ, ಸುಳ್ಯದ ತೊಡಿಕಾನ. ಒಂದರಲ್ಲೂ ಮಹಶೀರ್ ಉಳಿದದ್ದು ಇಲಾಖೆಯ ಕಾವಲಿನಿಂದಲ್ಲ.

ಮೀನನ್ನು ಮುಟ್ಟಬೇಡಿ ಎಂಬುದನ್ನು ಸುಮ್ಮನೆ ಅಹಿಂಸೆಯ ಖಾತೆಗೆ ಬರೆಯುವವರಿದ್ದಾರೆ. ಈ ಸೀಮೆಯಲ್ಲಿ ಅಹಿಂಸೆಗೆ ಕೊರತೆಯೇನೂ ಇಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು, ಫಲ್ಗುಣಿಯ ದಡದ ವೇಣೂರಿನಲ್ಲಿ ಗೊಮ್ಮಟ ನಿಂತದ್ದು 1604ರಲ್ಲಿ. ಚೌಟರು, ಬಂಗರು, ಅಜಿಲರು ಜೈನ ಅರಸರು. ಅವರು ಆಳಿದ ಪ್ರಜೆಗಳಲ್ಲಿ ಹೆಚ್ಚಿನವರು ಮೀನು ತಿನ್ನುವವರು. ಅರಸನ ಅಡಿಗೆಮನೆಯ ಕಟ್ಟಳೆಯನ್ನು ಪ್ರಜೆಯ ಒಲೆಗೆ ಹೇರಿದ್ದರೆ ಇಲ್ಲಿ ಯಾವ ಅರಸೊತ್ತಿಗೆಯೂ ಶತಮಾನಗಟ್ಟಲೆ ಬಾಳುತ್ತಿರಲಿಲ್ಲ. ಬಸದಿಯ ಅಹಿಂಸೆ ಕೆಲವರಿಗೆ ಎಲ್ಲ ಕಡೆಯೂ ಅನ್ವಯಿಸುತ್ತದೆ. ಶಿಶಿಲದ ನಿಷೇಧ ಎಲ್ಲರಿಗೂ ಒಂದೇ ಕಡೆ ಅನ್ವಯಿಸುತ್ತದೆ. ಎರಡೂ ಬೇರೆ ಬೇರೆ ಜಾಣತನ. ಎರಡನೆಯದನ್ನು ಇಂದಿನವರು ಸಂರಕ್ಷಿತ ವಲಯ ಎಂದು ಕರೆದು ನಕಾಶೆ ಬರೆಯುತ್ತಾರೆ. ತುಳುನಾಡು ಅದಕ್ಕೆ ದೇವರನ್ನು ಕಾವಲಿಟ್ಟಿತು.

ದೇವರೇ ಮೀನು ಹಿಡಿಯಿರಿ ಎನ್ನುವ ಸ್ಥಳವೂ ಇದೆ. ಮಂಗಳೂರಿನ ಉತ್ತರಕ್ಕೆ ಚೇಳ್ಯಾರಿನ ಖಂಡಿಗೆಯಲ್ಲಿ ಧರ್ಮರಸು ಉಳ್ಳಾಯನ ಸನ್ನಿಧಿಯಿದೆ. ಜಾತ್ರೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಜನ ಬಲೆ, ಬುಟ್ಟಿ ಸಮೇತ ನಂದಿನಿ ಹೊಳೆಗೆ ಇಳಿಯುತ್ತಾರೆ, ಹಿಡಿದದ್ದನ್ನು ಮನೆಗೆ ಒಯ್ದು ಪದಾರ್ಥ ಮಾಡುತ್ತಾರೆ. ಎರ್ಮಾಳಿನ ಜಾತ್ರೆಯಿಂದ ಶುರುವಾದ ವರ್ಷದ ಜಾತ್ರೆಗಳು ಇಲ್ಲಿಗೆ ಮುಗಿದವು ಎಂದು ತುಳುವರ ಲೆಕ್ಕ: ಎರ್ಮಾಳು ಜಪ್ಪು, ಖಂಡೇವು ಅಡೆಪು. ಒಂದು ಹೊಳೆಯಲ್ಲಿ ಹಿಡಿಯಲೇಬಾರದು, ಇನ್ನೊಂದರಲ್ಲಿ ಇಂಥ ದಿನ ಎಲ್ಲರೂ ಕೂಡಿ ಹಿಡಿಯಬೇಕು. ಎರಡು ಕಡೆಯೂ ಸಮಯ, ಸ್ಥಳ, ಸಾಕ್ಷಿ ಇವೆ. ಕದ್ದು ಹಿಡಿಯುವ ಮೀನಿಗೆ ಈ ಮೂರೂ ಇಲ್ಲ.

ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ವಿಷದ ಜಾತಿಯೇ ಬದಲಾಗಿತ್ತು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ದಾರಿ ತೋರಿಸಿದ. ಘಟ್ಟದ ಕೆಳಗಿನ ತೋಟಗಳನ್ನೂ ಅದು ಉಳಿಸಿತು. ಅಂದಿನಿಂದ ಬೆಳ್ತಂಗಡಿಯ ಕೃಷಿಕರ ಕೊಟ್ಟಿಗೆಯಲ್ಲಿ ಮೈಲುತುತ್ತು, ಸುಣ್ಣ ಇಲ್ಲದ ಮಳೆಗಾಲವಿಲ್ಲ. ಮೈಲುತುತ್ತು ಶಿಲೀಂಧ್ರಕ್ಕೆ ಎಷ್ಟು ಮಾರಕವೋ ಮೀನಿಗೂ ಅಷ್ಟೇ. ಅದರ ಜತೆಗೆ ಬ್ಲೀಚಿಂಗ್ ಪೌಡರ್, ಕೀಟನಾಶಕಗಳು ಅಂಗಡಿಯಲ್ಲೇ ಸಿಗುವಂತಾದವು. ಕಾರೆಕಾಯಿಗೆ ಕಾಡು ಹತ್ತಿ, ಜಜ್ಜಿ, ಹತ್ತು ಮಂದಿಯನ್ನು ಕರೆಯಬೇಕಿತ್ತು. ಇವಕ್ಕೆ ಒಬ್ಬ ಸಾಕು, ಒಂದು ರಾತ್ರಿ ಸಾಕು. ಇವುಗಳ ಕೆಡುಕು ಕಾಯಿಯ ಸಾರದಂತೆ ಬೇಗ ಇಳಿಯುವುದೂ ಇಲ್ಲ. ಮೀನಿನ ಆಹಾರವಾದ ಹುಳುಹುಪ್ಪಟೆ, ಏಡಿ, ಸಿಗಡಿಯ ಸಮೇತ ಗಯ ಸಾಯುತ್ತದೆ.

ಶಿಶಿಲದ ದುರಂತ ನಡೆದ 1996ರದೇ ಇಸವಿ ಹೊತ್ತ ಇನ್ನೊಂದು ಸಂಗತಿಯಿದೆ. ಕರ್ನಾಟಕದ ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆಯ ಹೆಸರಿನ ಮುಂದೆ ಇರುವುದೂ ಅದೇ ಇಸವಿ. ಎರಡಕ್ಕೂ ನಂಟಿಲ್ಲ, ಬರೀ ಕಾಕತಾಳೀಯ. ಅದು ಕಾಯ್ದೆಯಾಗಿ ಪುಸ್ತಕ ಸೇರಲು 2003 ಬಂತು. ಅಷ್ಟರವರೆಗೆ ನಮ್ಮ ಹೊಳೆಗಳಿಗೆ ಇದ್ದದ್ದು ಥಾಮಸ್, ಡೇ ಕಾಲದ ವಾದಗಳಿಂದ ಹುಟ್ಟಿದ, ನೂರು ವರ್ಷ ಹಳೆಯ ಇನ್ನೂರು ರೂಪಾಯಿಯ ಕಾಯ್ದೆ. ಭಾರತದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ಇದೇ ಜಿಲ್ಲೆಯ ಮಂಗಳೂರಿನಲ್ಲಿ ಎಂಬುದನ್ನು ನೆನೆದರೆ ಈ ವಿಳಂಬ ಇನ್ನಷ್ಟು ಚುಚ್ಚುತ್ತದೆ.

ಮಹಶೀರನ್ನು ಹ್ಯಾಚರಿಯಲ್ಲಿ ಬೆಳೆಸಿ ಹೊಳೆಗೆ ಬಿಟ್ಟರಾಯಿತಲ್ಲ ಎಂದು ಕೇಳುವವರಿಗೆ ಕಾವೇರಿಯ ಕತೆ ಹೇಳಬೇಕು. 1970ರ ದಶಕದಿಂದ ಲೋನಾವಳದ ಟಾಟಾ ಹ್ಯಾಚರಿಯಲ್ಲಿ ನೀಲಿ ರೆಕ್ಕೆಯ ಡೆಕ್ಕನ್ ಮಹಶೀರಿನ ಮರಿ ಮಾಡಿ ದೇಶದ ಹಲವು ನದಿಗಳಿಗೆ ಹಂಚಿದರು. ಕಾವೇರಿಗೂ ಬಿಟ್ಟರು. ಕಾವೇರಿಯ ಸ್ವಂತದ್ದು ಕಿತ್ತಳೆ ರೆಕ್ಕೆಯ, ಬೆನ್ನು ಗೂನಿರುವ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರ ಗಾಳಕ್ಕೆ ಬಿದ್ದ ಮೀನು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಹೊರಗಿನಿಂದ ಬಂದ ನೀಲಿ ರೆಕ್ಕೆಯದು ಹೆಚ್ಚಿತು, ಒಳಗಿನದು ಕರಗಿತು. ಆ ಗೂನುಬೆನ್ನಿನ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೂ ಸೇರಿತು. ಡೆಕ್ಕನ್ ಮಹಶೀರಿನ ಕತೆ ತಿರುಗುಮುರುಗು: ಒಂದು ಕಾಲಕ್ಕೆ ಅದೂ ಅಪಾಯದ ಪಟ್ಟಿಯಲ್ಲಿತ್ತು, ಆಮೇಲಿನ ಮೌಲ್ಯಮಾಪನದಲ್ಲಿ ದರ್ಜೆ ಸಡಿಲವಾಯಿತು. ಒಂದು ನದಿಯಲ್ಲಿ ರಕ್ಷಣೆ ಬೇಡುವ ಮೀನು ಇನ್ನೊಂದು ನದಿಯಲ್ಲಿ ದಾಳಿಕೋರ. ಮರಿಯ ಡ್ರಮ್ಮು ಹೊತ್ತ ಲಾರಿಯನ್ನು ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳ ದಡಕ್ಕೆ ತಿರುಗಿಸುವ ಮೊದಲು ಇದು ನೆನಪಿರಬೇಕು.

ಈಗ ಕೆಳಗೆ, ಬಂಟ್ವಾಳದ ಕಡೆಗೆ. ಒಂದು ಕಾಲದಲ್ಲಿ ಕಡಲಿನಿಂದ ದೋಣಿಗಳು ನೇತ್ರಾವತಿಯಲ್ಲಿ ಬಂಟ್ವಾಳ, ಪಾಣೆಮಂಗಳೂರಿನವರೆಗೆ ಏರಿಬಂದು ಘಟ್ಟದ ಸರಕು ತುಂಬಿಕೊಳ್ಳುತ್ತಿದ್ದವು. ಅದೇ ದಾರಿ ಮೀನಿಗೂ ತೆರೆದಿತ್ತು. ಇಂದು ತುಂಬೆಯಲ್ಲಿ ಮಂಗಳೂರಿಗೆ ಕುಡಿಯುವ ನೀರಿನ ಅಣೆಕಟ್ಟು, ಅದರ ಮೇಲೆ ಶಂಭೂರಿನಲ್ಲಿ ವಿದ್ಯುತ್ತಿನ ಅಣೆಕಟ್ಟು, ಉಪಹೊಳೆಗಳಲ್ಲಿ ಸಾಲುಸಾಲು ಕಿಂಡಿ ಅಣೆಕಟ್ಟು. 2019ರ ಆಗಸ್ಟಿನ ನೆರೆಯಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು ಬೆಳ್ತಂಗಡಿಯ ಹೊಳೆಗಳಿಗೆ ಮರಳು, ಮರ, ಬಂಡೆ ಬಂದು ಬಿದ್ದವು. ಆಳದ ಗಯಗಳು ಹೂತುಹೋದರೆ ಬೇಸಗೆಯಲ್ಲಿ ಮೀನಿಗೆ ಅಡಗುದಾಣವಿಲ್ಲ. ಆಗ ವಿಷವೂ ಬೇಡ, ತೋಟೆಯೂ ಬೇಡ.

ಇಷ್ಟಾದರೂ ಮೊದಲ ಮಳೆಗೆ ಹೊಳೆ ಕೆಂಪಾಗುತ್ತಿದ್ದಂತೆ ಉಬರ್ ಮೀನು ಏರತೊಡಗುತ್ತದೆ. ಮೊಟ್ಟೆ ತುಂಬಿದ ಮೀನು ತೋಡು ಹತ್ತಿ ಗದ್ದೆಯವರೆಗೂ ಬರುತ್ತದೆ. ಕತ್ತಿ, ಕೂಳಿ, ಟಾರ್ಚು ಹಿಡಿದವರು ಕಾದಿರುತ್ತಾರೆ. ಅದರ ರುಚಿಯ ವರ್ಣನೆ ಮಾಡದ ಕರಾವಳಿಯ ಅಜ್ಜಂದಿರಿಲ್ಲ. ಹೊಟ್ಟೆಯಲ್ಲಿ ಮೊಟ್ಟೆಯಿರುವ ಮೀನನ್ನು ಆ ನಾಲ್ಕು ದಿನ ಬಿಟ್ಟುಬಿಟ್ಟರೆ ವರ್ಷವಿಡೀ ಹಿಡಿಯಬಹುದು ಎಂಬ ಲೆಕ್ಕವೂ ಅದೇ ಅಜ್ಜಂದಿರಿಗೆ ಗೊತ್ತಿದೆ. ಪೆರುವೊಲು ಕೂಡ ಮೊಟ್ಟೆಯಿಡುವುದು ಮಳೆಗಾಲದಲ್ಲೇ, ಅದಕ್ಕಾಗಿ ಹರಿವಿನೆದುರು ಈಜುತ್ತದೆ. ಕಪಿಲೆ ಉಕ್ಕಿದಾಗ ದೇವಸ್ಥಾನದ ಗಯಕ್ಕೆ ಗಡಿಯೇ ಇರುವುದಿಲ್ಲ. ಕೆಲವು ಮೇಲಕ್ಕೆ ಹೋಗುತ್ತವೆ, ಕೆಲವು ನೀರಿನೊಂದಿಗೆ ಕೆಳಕ್ಕೆ. ಅಕ್ಕಿ ತಿಂದ ಮೀನು ಯಾವುದು, ಪಾಚಿ ತಿಂದದ್ದು ಯಾವುದು ಎಂದು ಮೈಮೇಲೆ ಬರೆದಿರುವುದಿಲ್ಲ. ಗಡಿ ದಾಟಿದ ಮೀನು ಬಲೆಗೆ ಬಿದ್ದರೆ ಬಾಣಲೆಗೆ ಹೋಗುತ್ತದೆ, ಎಲ್ಲಿಂದ ಬಂತೆಂದು ಕೇಳಿ ಉಪ್ಪು ಖಾರ ಹಚ್ಚುವವರು ಯಾರೂ ಇಲ್ಲ.